ಹಿಮ್ಮಡಿ ಹಿಡಿದ ಕೈ

ಅರಸೀಕೆರೆಯ ಸ್ಟೇಷನ್ ರಸ್ತೆಯ ನರ್ಸಿಂಗ್ ಹೋಮಿನಲ್ಲಿ ಕೆಂಚಯ್ಯನಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಅವನ ಹೆಂಡತಿ ಬೀರಮ್ಮ ಎರಡೇ ಮಾತಿನಲ್ಲಿ ಮುಗಿಸುತ್ತಿದ್ದಳು. "ಕಾಲು ಹಿಡ್ಕೊಳ್ಳೋದು." ಕೇಳಿದವರು ನಗುತ್ತಿದ್ದರು. ಅವಳೇನೂ ತಮಾಷೆ ಮಾಡುತ್ತಿರಲಿಲ್ಲ. ಮುರಿದ ಮೂಳೆಯನ್ನು ಡಾಕ್ಟರು ಎಳೆದು ಕೂರಿಸುವಾಗ, ಪ್ಲಾಸ್ಟರ್ ಸುತ್ತುವಾಗ, ಆಪರೇಷನ್ ಮೇಜಿನ ಮೇಲೆ ಮಂಡಿಯನ್ನು ಬಿಡಿಸಿದಾಗ, ಆ ಕಾಲನ್ನು ಹೇಳಿದ ಹಾಗೆ, ಹೇಳಿದಷ್ಟು ಹೊತ್ತು, ಅಲುಗಾಡದಂತೆ ಹಿಡಿದು ನಿಲ್ಲಲು ಒಬ್ಬ ಬೇಕು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಆ ಒಬ್ಬ ಕೆಂಚಯ್ಯನೇ ಆಗಿದ್ದ. ತಾಲ್ಲೂಕಿನ ಎಷ್ಟು ಕಾಲುಗಳು ಅವನ ಕೈಯಲ್ಲಿ ಹಾದು ಹೋದವೋ ಅವನಿಗೂ ಗೊತ್ತಿಲ್ಲ. ಅವುಗಳಲ್ಲಿ ಒಂದು ಕಾಲು ಮಾತ್ರ ಅವನ ಕೈಬಿಟ್ಟು ಹೋಗಲೇ ಇಲ್ಲ.

ಅವನು ಹುಟ್ಟಿದ್ದು ಬಾಣಾವರದ ಹತ್ತಿರದ ಒಂದು ಹಟ್ಟಿಯಲ್ಲಿ. ಅಪ್ಪ ಕಂಬಳಿ ನೇಯುತ್ತಿದ್ದ. ಮಗ್ಗಕ್ಕೆ ಏರಿಸುವ ಮೊದಲು ಹಾಸಿನ ನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಹುಣಸೆ ಬೀಜದ ಗಂಜಿ ಬಳಿದು ಒಣಗಿಸಬೇಕು. ಒಂದು ತುದಿ ಗೂಟಕ್ಕೆ, ಇನ್ನೊಂದು ತುದಿಯ ಕೋಲು ಕೆಂಚಯ್ಯನ ಕೈಗೆ. ಅಪ್ಪ ಗಂಜಿ ಬಳಿಯುತ್ತ ಬರುವಾಗ ನಡುನಡುವೆ ತಲೆ ಎತ್ತದೆಯೇ ಕೇಳುತ್ತಿದ್ದ, "ಹೆಂಗೈತ್ಲಾ?" ಕೆಂಚಯ್ಯ ನೂಲಿನ ಕಡೆ ನೋಡಬೇಕಾಗಿರಲಿಲ್ಲ. ಯಾವ ಅಂಚು ಜಗ್ಗುತ್ತಿದೆ, ಯಾವುದು ಜೋಲುತ್ತಿದೆ ಎಂದು ಅಂಗೈಗೇ ತಿಳಿಯುತ್ತಿತ್ತು. "ಎಡಗಡೆ ಅಂಚು ಸಡ್ಲ ಕಣಪ್ಪ," ಎನ್ನುತ್ತಿದ್ದ. ಅಪ್ಪ ಮರುಮಾತಾಡದೆ ಬಂದು ಸರಿಪಡಿಸುತ್ತಿದ್ದ. ಒಂದಂಚು ಬಿಗಿ, ಒಂದಂಚು ಸಡಿಲವಾದ ಕಂಬಳಿ ಮೊದಲನೇ ನೀರಿಗೇ ಸುರುಟಿಕೊಳ್ಳುತ್ತದೆ. ಅಂಥ ಕಂಬಳಿ ಅವರ ಮನೆಯಿಂದ ಹೊರಗೆ ಹೋದದ್ದಿಲ್ಲ.

ಕಂಬಳಿ ಕೇಳುವವರು ಕಡಿಮೆಯಾಗಿ ಮಗ್ಗ ಮೂಲೆ ಸೇರಿದ ಮೇಲೆ ಕೆಂಚಯ್ಯ ನರ್ಸಿಂಗ್ ಹೋಮಿಗೆ ಕಸ ಗುಡಿಸುವ ಕೆಲಸಕ್ಕೆ ಸೇರಿದ. ಅದನ್ನು ಕಟ್ಟಿಸಿದವರು ಡಾಕ್ಟರ್ ಗಂಗಾಧರಪ್ಪ, ಮೂಳೆ ಡಾಕ್ಟರೆಂದು ಸುತ್ತಲೂ ಹೆಸರಾದವರು. ಒಂದು ದಿನ ತೆಂಗಿನಮರದಿಂದ ಬಿದ್ದವನೊಬ್ಬನ ಕಾಲು ಎಳೆದು ಕೂರಿಸಬೇಕಾಗಿತ್ತು, ಹಿಡಿಯುವವನು ರಜೆಯಲ್ಲಿದ್ದ. ಕಂಡವನನ್ನು ಕರೆದರು, ಅವನು ಕೆಂಚಯ್ಯ. ಅರ್ಧ ಗಂಟೆ ಹಿಡಿದ ಜಾಗದಿಂದ ಕೈ ಒಂದು ಕಾಳಿನಷ್ಟೂ ಸರಿಯಲಿಲ್ಲ. ಡಾಕ್ಟರು ಅವನ ಕೈಗಳನ್ನು ತಿರುಗಿಸಿ ನೋಡಿದರು, ಮಾರನೇ ದಿನವೇ ಪೊರಕೆ ಬೇರೆಯವನ ಪಾಲಾಯಿತು. ಮೊಣಕೈವರೆಗೆ ಕೈ ತೊಳೆಯುವುದನ್ನು, ಗೌನು ಗ್ಲೌಸು ತೊಡುವುದನ್ನು ತಾವೇ ನಿಂತು ಕಲಿಸಿದರು. ಆಮೇಲೆ ಬೆರಳೆತ್ತಿ ಒಂದು ಮಾತು ಹೇಳಿದರು. "ನೋಡು, ಥಿಯೇಟರಿನಲ್ಲಿ ನಿನಗೆ ಕೈ ಇದೆ, ಬಾಯಿ ಇಲ್ಲ. ತಿಳೀತಾ?"

ಹಿಂದಿದ್ದವನು ಒಳಗೆ ಕಂಡದ್ದನ್ನು ಕಾಫಿ ಹೋಟೆಲಿನಲ್ಲಿ ಹರಡುತ್ತಿದ್ದ, ಅದಕ್ಕೇ ಅವರು ಹಾಗೆಂದದ್ದು. ಕೆಂಚಯ್ಯ ಮಾತ್ರ ಅದನ್ನು ದೇವರ ಮುಂದೆ ಕೊಟ್ಟ ಮಾತಿನ ಹಾಗೆ ಹಿಡಿದುಕೊಂಡ. ದೊಡ್ಡ ಡಾಕ್ಟರು ತೀರಿಕೊಂಡ ಮೇಲೂ ಬಿಡಲಿಲ್ಲ. ದೊಡ್ಡವರು ಒಂದು ಕಾರಣಕ್ಕೆ ಆಡಿದ ಮಾತನ್ನು ಎಲ್ಲ ಕಾಲಕ್ಕೂ ಹಾಕಿದ ಬೀಗ ಎಂದುಕೊಳ್ಳುವವರು ನಮ್ಮ ಕಡೆ ಬಹಳ ಮಂದಿ. ಅದನ್ನು ವಿಧೇಯತೆ ಎಂದು ಹೊಗಳುವವರೂ ಬಹಳ ಮಂದಿ. ನನಗೆ ಆ ಹೊಗಳಿಕೆಯ ಮೇಲೆ ಸಿಟ್ಟಿದೆ, ಯಾಕೆಂದು ಮುಂದೆ ತಿಳಿಯುತ್ತದೆ.

ಎರಡು ಸಾವಿರದ ಒಂದರಲ್ಲಿ ದೊಡ್ಡ ಡಾಕ್ಟರ ಮಗ ಶಶಿಕಿರಣ್ ಮಂಡಿ ಬದಲಾಯಿಸುವ ಆಪರೇಷನ್ ಕಲಿತು ಊರಿಗೆ ಬಂದರು. ಆ ಕೆಲಸದಲ್ಲಿ ಕಣ್ಣಿಗೆ ಕಾಣುವುದು ಮೂಳೆ ಕೊಯ್ಯುವುದು, ಸವೆದ ತುದಿಗೆ ಲೋಹದ ಟೊಪ್ಪಿ ಹಾಕುವುದು, ನಡುವೆ ಪ್ಲಾಸ್ಟಿಕ್ ಬಿಲ್ಲೆ ಇಡುವುದು. ಅದೆಲ್ಲ ಅಳತೆಯ ಕೆಲಸ. ಕಷ್ಟದ್ದು ಬೇರೆ ಇದೆ. ಮಂಡಿಯ ಒಳಮಗ್ಗುಲಿಗೊಂದು, ಹೊರಮಗ್ಗುಲಿಗೊಂದು ಗಟ್ಟಿ ಪಟ್ಟಿ ಇರುತ್ತದೆ. ಡಾಕ್ಟರು ಅದನ್ನು ಲಿಗಮೆಂಟ್ ಎನ್ನುತ್ತಾರೆ. ವರ್ಷಗಟ್ಟಲೆ ಕಾಲು ಹೊರಕ್ಕೆ ಬಾಗುತ್ತ ಬಂದರೆ ಒಳಗಿನ ಪಟ್ಟಿ ಕುಗ್ಗಿ ಬಿಗಿಯುತ್ತದೆ, ಹೊರಗಿನದು ಹಿಗ್ಗಿ ಜೋಲುತ್ತದೆ. ಬಿಗಿದದ್ದನ್ನು ಮೂಳೆಯಿಂದ ಸ್ವಲ್ಪಸ್ವಲ್ಪವೇ ಬಿಡಿಸಿ ಎರಡೂ ಕಡೆ ಸಮಕ್ಕೆ ತರಬೇಕು. ಕಾಲು ನೆಟ್ಟಗಿದ್ದಾಗ ಸಮವಾದರೆ ಸಾಲದು, ಬಗ್ಗಿಸಿದಾಗಲೂ ಸಮವಾಗಿಯೇ ಇರಬೇಕು. ಹೆಚ್ಚು ಬಿಡಿಸಿದರೆ ಮತ್ತೆ ಮೊದಲಿನಂತೆ ಅಂಟಿಸಲು ಬರುವುದಿಲ್ಲ. ಅದಕ್ಕೇ ಸಿಮೆಂಟ್ ಹಾಕಿ ಕೂರಿಸುವ ಮುಂಚೆ ಅದೇ ಅಳತೆಯ ಪರೀಕ್ಷೆಯ ತುಂಡುಗಳನ್ನಿಟ್ಟು, ಕಾಲನ್ನು ನೆಟ್ಟಗೆ ಮಾಡಿ, ಬಗ್ಗಿಸಿ, ಆ ಕಡೆ ಈ ಕಡೆ ಜಗ್ಗಿ ನೋಡುತ್ತಾರೆ. ಡಾಕ್ಟರ ಕೈ ಮಂಡಿಯ ಮೇಲಿರುತ್ತದೆ, ಕೆಂಚಯ್ಯನದು ಹಿಮ್ಮಡಿಯಲ್ಲಿ. ಮಂಡಿಯಲ್ಲಿ ಕೂದಲೆಳೆಯಷ್ಟು ಸಡಿಲವಿದ್ದರೂ ಹಿಮ್ಮಡಿಯ ಹತ್ತಿರ ಅದು ಬೆರಳಗಲ ಆಗಿ ತಿಳಿಯುತ್ತದೆ. ಐದಾರು ಆಪರೇಷನ್ ಆಗುವಷ್ಟರಲ್ಲಿ ಅವನ ಅಂಗೈಗೆ ಹಳೆಯ ವಿದ್ಯೆಯೇ ಮರಳಿ ಬಂದಿತ್ತು. ಅದನ್ನು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮುತ್ತಮ್ಮ ಬಂದದ್ದು ಎರಡು ಸಾವಿರದ ಮೂರರ ಫೆಬ್ರವರಿಯಲ್ಲಿ. ಹಳೇಬೀಡಿನ ಮಗ್ಗುಲ ಬಸ್ತಿಹಳ್ಳಿಯವಳು, ಅರವತ್ತರ ಹತ್ತಿರ ವಯಸ್ಸು, ಗಂಡನಿಲ್ಲ. ಎರಡು ಹಸು ಕಟ್ಟಿಕೊಂಡು ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುತ್ತಿದ್ದಳು. ನಿಂತರೆ ಎರಡು ಮಂಡಿಗಳ ನಡುವೆ ಒಂದು ತಂಬಿಗೆ ತೂರಬಹುದಿತ್ತು. ಬಸ್ ಡ್ರೈವರ್ ಆಗಿದ್ದ ಮಗ ಲೋಕೇಶ್ ಅವಳನ್ನು ಒಪ್ಪಿಸಿ ಕರೆತಂದಿದ್ದ. ಕೆಂಚಯ್ಯ ಸ್ಟ್ರೆಚರ್ ತಳ್ಳಿಕೊಂಡು ಹೋಗುವಾಗ ಅವಳು ಅವನ ಊರು, ಕುಲ, ಮನೆದೇವರು ಎಲ್ಲ ವಿಚಾರಿಸಿಕೊಂಡಳು. "ಹಂಗಾದ್ರೆ ನೀನು ನಮ್ಮೋನೇ ಆದೆ ಬುಡಪ್ಪ," ಎಂದಳು. "ನಂಗೇನೂ ಭಯ ಇಲ್ಲ. ನೀನು ಪಕ್ದಲ್ಲೇ ಇರ್ತೀಯಲ್ಲ, ಏನಾಯ್ತು ಅಂತ ಯೋಳ್ತಿರು."

ಬೆನ್ನಿಗೆ ಸೂಜಿ ಚುಚ್ಚಿ ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಿಸಿದ್ದರು. ಎದೆಯ ಮೇಲೆ ಅಡ್ಡಕ್ಕೆ ಹಸಿರು ಬಟ್ಟೆ ಕಟ್ಟಿದ್ದರಿಂದ ಅವಳಿಗೆ ಏನೂ ಕಾಣುತ್ತಿರಲಿಲ್ಲ, ಎಲ್ಲ ಕೇಳಿಸುತ್ತಿತ್ತು. ಡಾಕ್ಟರುಗಳು ತಮ್ಮತಮ್ಮಲ್ಲಿ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ರೋಗಿ ಎಚ್ಚರವಿರುವಾಗ ಅವರಿಗೆ ಅದೇ ಪರದೆ. ಶಶಿಕಿರಣ್ ಬಲಮಂಡಿಯ ಒಳಪಟ್ಟಿಯನ್ನು ಬಿಡಿಸಿ, ಪರೀಕ್ಷೆಯ ತುಂಡುಗಳನ್ನಿಟ್ಟು ಕಾಲನ್ನು ನೆಟ್ಟಗೆ ಮಾಡಿದರು. ಚೆನ್ನಾಗಿ ಬಿಗಿಯಾಗಿತ್ತು. ಬಗ್ಗಿಸಿದರು, ಒಮ್ಮೆ ಜಗ್ಗಿದರು, ತಲೆಯಾಡಿಸಿ ಸಿಮೆಂಟ್ ಕಲಸಲು ಹೇಳಿದರು. ಅಷ್ಟರಲ್ಲೇ ಕೆಂಚಯ್ಯನ ಕೈಗೆ ಗೊತ್ತಾಗಿತ್ತು. ಬಗ್ಗಿಸಿದ ಕಾಲು ಮಂಡಿಯಲ್ಲಿ ಕಚ್ಚಿಕೊಂಡಿರಲಿಲ್ಲ, ಜೋತಾಡುತ್ತಿತ್ತು. ನೆಟ್ಟಗಿದ್ದಾಗ ಬಿಗಿ, ಬಗ್ಗಿಸಿದಾಗ ಸಡಿಲ.

ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವನಿಗೆ ಬರುತ್ತಿದ್ದ ಭಾಷೆ ಒಂದೇ, ಅದು ಬಟ್ಟೆಯ ಆಚೆ ಮಲಗಿದ್ದವಳ ಭಾಷೆ. ಮಂಡಿ ತೆರೆದು ಮಲಗಿರುವ ಹೆಂಗಸಿಗೆ ಕೇಳುವಂತೆ "ಇದು ಸಡಿಲ" ಎನ್ನುವುದು ಹೇಗೆ? ಅದೂ ಅಲ್ಲದೆ ಅವನಿಗೆ ಅಲ್ಲಿ ಬಾಯಿಯೇ ಇರಲಿಲ್ಲ. ಸಿಮೆಂಟಿನ ವಾಸನೆ ಹಬ್ಬಿತು. ಅದು ಗಟ್ಟಿಯಾಗಲು ಹತ್ತು ನಿಮಿಷದ ಮೇಲೆ ಬೇಕಿರಲಿಲ್ಲ. ಆಗಲೇ ಮುತ್ತಮ್ಮ ಕೇಳಿದಳು. "ಕೆಂಚಯ್ಯ, ಎಲ್ಲಿಗೆ ಬಂತಪ್ಪ? ಎಲ್ಲ ಸರಿಯಾಗೈತಾ?"

"ಸರಿಯಾಗೈತೆ ಕಣಕ್ಕ," ಎಂದ ಕೆಂಚಯ್ಯ. ಇಪ್ಪತ್ತು ವರ್ಷದಲ್ಲಿ ಆ ಕೋಣೆಯೊಳಗೆ ಅವನು ಆಡಿದ ಮೊದಲ ಮಾತು ಅದು, ಅದೂ ಸುಳ್ಳು.

ಹೊಲಿಗೆ ಮಾಯಿತು, ಕಾಲು ನೆಟ್ಟಗಾಯಿತು. ಬಸ್ತಿಹಳ್ಳಿಯವರು ನೋಡಿ ಮೆಚ್ಚಿಕೊಂಡರು. ಸಮ ನೆಲದ ಮೇಲೆ ಮುತ್ತಮ್ಮ ಚೆನ್ನಾಗಿಯೇ ನಡೆದಳು. ಆರು ತಿಂಗಳಿಗೆ ಡೇರಿಯ ಮೆಟ್ಟಿಲಿಳಿಯುವಾಗ ಮಂಡಿ ಇದ್ದಕ್ಕಿದ್ದಂತೆ ಕೈಕೊಟ್ಟು ಬಿದ್ದಳು. ಮತ್ತೆ ಬಿದ್ದಳು. ಇಳಿಜಾರು ಕಂಡರೆ ನಿಂತುಬಿಡುವ ಹಾಗಾಯಿತು. ಲೋಕೇಶ್ ಅವಳನ್ನು ಕರೆತಂದಾಗ ಶಶಿಕಿರಣ್ ಮಲಗಿಸಿ, ಕಾಲು ನೆಟ್ಟಗೆ ಚಾಚಿಸಿ ನೋಡಿದರು. ಎಕ್ಸ್‌ರೇ ತೆಗೆಸಿದರು, ಅದು ಚೊಕ್ಕವಾಗಿತ್ತು. "ತೊಡೆಗೆ ಶಕ್ತಿ ಬಂದಿಲ್ಲಮ್ಮ, ಹೇಳಿಕೊಟ್ಟ ವ್ಯಾಯಾಮ ಸರಿಯಾಗಿ ಮಾಡಿಲ್ಲ ಅಂತ ಕಾಣುತ್ತೆ," ಎಂದರು. ಮಗ ಅಲ್ಲೇ ತಾಯಿಯನ್ನು ಬೈದ. ಮುತ್ತಮ್ಮ ತಲೆ ತಗ್ಗಿಸಿ, "ಹಸ ನೋಡೋರು ಇರ್ಲಿಲ್ಲ ಸ್ವಾಮಿ, ಬ್ಯಾಗನೆ ಎದ್ದು ಓಡಾಡ್ಬುಟ್ಟೆ. ನಂದೇ ತಪ್ಪು," ಎಂದಳು. ಎಕ್ಸ್‌ರೇ ಹಿಡಿದು ಬಾಗಿಲ ಹತ್ತಿರ ನಿಂತಿದ್ದ ಕೆಂಚಯ್ಯ ಅದನ್ನು ಕೇಳಿಸಿಕೊಂಡ. ಆಗಲೂ ಬಾಯಿ ಬಿಡಲಿಲ್ಲ. ಬಿಟ್ಟರೆ ಡಾಕ್ಟರ ಹೆಸರು ಹೋಗುತ್ತದೆ, ತನ್ನ ಕೆಲಸ ಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಅವನು ಕೆಟ್ಟವನಲ್ಲ. ಒಳ್ಳೆಯವನೊಬ್ಬ ಸುಮ್ಮನಿದ್ದುದರಿಂದ ಆದ ಅನ್ಯಾಯ ಇದು, ಅಷ್ಟೇ.

ಎರಡು ವರ್ಷ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡ. ಊಟಕ್ಕೆ ಕೂತರೆ ಅಂಗೈ ನೋಡಿಕೊಳ್ಳುತ್ತಿದ್ದ. ಕೊನೆಗೆ ಬೀರಮ್ಮನೇ ಗದರಿ ಬಾಯಿ ಬಿಡಿಸಿದಳು. "ಕೈ ಸುಳ್ಳು ಯೋಳಲ್ಲ ಅಂತ ಮಾವಯ್ಯ ಅಂತಿದ್ರು. ಕೈ ಯೋಳ್ಲಿಲ್ಲ, ಬಾಯಿ ಯೋಳ್ತಲ್ಲ," ಎಂದಳು. ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಎರಡು ಸಾವಿರದ ಐದರಲ್ಲಿ ಮುತ್ತಮ್ಮನ ಎಡಮಂಡಿ ಪೂರ್ತಿ ಕೂತುಹೋಯಿತು. ಬಲಗಾಲನ್ನು ನಂಬಲಾಗದೆ ಎಲ್ಲ ಭಾರವನ್ನೂ ಅದರ ಮೇಲೇ ಬಿಟ್ಟಿದ್ದಳು. ಲೋಕೇಶ್ ಒತ್ತಾಯದಿಂದ ಅಡ್ಮಿಟ್ ಮಾಡಿಸಿ ಡ್ಯೂಟಿಗೆ ಹೋದ. ಮಧ್ಯಾಹ್ನ ಕೆಂಚಯ್ಯ ಅವಳನ್ನು ಎಕ್ಸ್‌ರೇಗೆ ಕರೆದೊಯ್ಯಲು ಬಂದಾಗ ಅವಳು ಸೆರಗಿನ ಗಂಟಿನಲ್ಲಿದ್ದ ಎಲೆ ಅಡಿಕೆಯನ್ನು ಮುಟ್ಟದೆ ಕೂತಿದ್ದಳು.

"ಬ್ಯಾಡ ಕಣಪ್ಪ, ನಾನು ಊರಿಗೆ ಹೊಂಟೋಗ್ತೀನಿ," ಎಂದಳು. "ಡಾಕ್ಟ್ರು ಅಷ್ಟು ಚೆಂದಾಗಿ ಮಾಡ್ಕೊಟ್ಟ ಕಾಲ ನಾನೇ ಕೆಡಿಸ್ಕೊಂಡೆ. ಇನ್ನೊಂದ್ ಮಾಡಿಸ್ಕೊಳ್ಳೋ ಯೋಗ್ಯತೆ ನಂಗಿಲ್ಲ. ಮಾಡಿಸ್ಕೊಂಡು ಅದ್ನೂ ಕೆಡಿಸ್ಲಾ?"

ಕೆಂಚಯ್ಯ ತಳ್ಳುಕುರ್ಚಿಯ ಹಿಡಿ ಬಿಟ್ಟು ಅವಳ ಮಂಚದ ಹತ್ತಿರ ನೆಲದ ಮೇಲೆ ಕೂತ. ಹೇಗೆ ಶುರು ಮಾಡಬೇಕೆಂದು ತಿಳಿಯದೆ ಮೊದಲು ಅವಳ ಹಿಮ್ಮಡಿ ಹಿಡಿದುಕೊಂಡ.

"ನೀವು ಕೆಡಿಸ್ಲಿಲ್ಲ ಕಣಕ್ಕ. ಅದು ಅವತ್ತೇ ಸಡ್ಲ ಇತ್ತು. ಬಗ್ಗಿಸ್ದಾಗ ನನ್ ಕೈಗೆ ಗೊತ್ತಾಗಿತ್ತು. ಸಿಮೆಂಟು ಇನ್ನೂ ಹಾಕಿರ್ಲಿಲ್ಲ. ನಾನು ಯೋಳ್ಲಿಲ್ಲ. ನೀವು ಕೇಳಿದ್ರಿ, ಸರಿಯಾಗೈತೆ ಅಂದ್ಬುಟ್ಟೆ."

ಮುತ್ತಮ್ಮ ಕಾಲನ್ನು ಅವನ ಕೈಯಿಂದ ಬಿಡಿಸಿಕೊಂಡಳು. ಕಿಟಕಿಯ ಆಚೆ ಮೈಸೂರಿನ ಕಡೆಯ ಗಾಡಿ ಸ್ಟೇಷನ್ನಿಗೆ ಬರುತ್ತಿತ್ತು. ಅದು ಬಂದು ನಿಂತು ಹೊರಡುವವರೆಗೂ ಅವಳು ಅದನ್ನೇ ನೋಡಿದಳು.

"ಎರಡ್ ವರ್ಸ," ಎಂದಳು ಆಮೇಲೆ. "ಎರಡ್ ವರ್ಸದಿಂದ ಮಗನ ಕೈಲಿ ಬೈಸ್ಕೊಂಡೆ. ಸೊಸೆ ಕೈಲಿ ಅನ್ನಿಸ್ಕೊಂಡೆ. ನಂಗೆ ನಾನೇ ಬೈಕೊಂಡೆ. ನೀನು ಇಲ್ಲೇ ಇದ್ದೆ."

ಕೆಂಚಯ್ಯ ತನ್ನ ಅಂಗೈ ನೋಡಿಕೊಂಡ.

"ಡಾಕ್ಟ್ರಿಗೆ ಗೊತ್ತಾ?"

"ಇಲ್ಲ."

"ಓಗಿ ಯೋಳು. ಯೋಳಿ ಬಾ. ಆಮೇಲೆ ನಾನು ರುಜು ಹಾಕ್ತೀನೋ ಇಲ್ವೋ ನೋಡಾನ."

ಶಶಿಕಿರಣ್ ಹೊರರೋಗಿಗಳನ್ನು ನೋಡಿ ಮುಗಿಸಿ ಕೈ ತೊಳೆಯುತ್ತಿದ್ದರು. ಕೆಂಚಯ್ಯ ಬಾಗಿಲು ಹಾಕಿದ್ದು ಕಂಡು ಸಾಲ ಕೇಳಲು ಬಂದನೆಂದುಕೊಂಡರು. ಅವನು ಹೇಳಿದ್ದನ್ನು ಪೂರ್ತಿ ಕೇಳಿ, ಒರೆಸಿಕೊಳ್ಳುತ್ತಿದ್ದ ಟವೆಲನ್ನು ಹಾಗೇ ಹಿಡಿದುಕೊಂಡು ವಾರ್ಡಿಗೆ ನಡೆದರು. ಮುತ್ತಮ್ಮನನ್ನು ಈ ಸಲ ಮಲಗಿಸಲಿಲ್ಲ. ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಕೂರಿಸಿ, ಬಾಗಿದ ಬಲಮಂಡಿಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಕಣಕಾಲನ್ನು ಮೆಲ್ಲಗೆ ಜಗ್ಗಿದರು. ಮತ್ತೊಮ್ಮೆ ಜಗ್ಗಿದರು. ಕಾಲು ಮಂಡಿಯಲ್ಲಿ ಜೋತಾಡಿತು.

"ಯಾಕೆ ಹೇಳಲಿಲ್ಲ ಕೆಂಚಯ್ಯ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಅಲ್ಲಿ ಬಾಯಿ ಇಲ್ಲ ಅಂತ ದೊಡ್ ಡಾಕ್ಟ್ರು ಯೋಳಿದ್ರು ಸಾರ್. ನಂಗೆ ಇಂಗ್ಲಿಷೂ ಬರಲ್ಲ. ಕನ್ನಡದಾಗೆ ಅಂದ್ರೆ ಅಕ್ಕಂಗೆ ಕೇಳ್ಸೋದು."

ಡಾಕ್ಟರು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತರು. ರೋಗಿಯ ಎದುರು ಡಾಕ್ಟರೊಬ್ಬ ತಪ್ಪೊಪ್ಪಿಕೊಳ್ಳುವುದನ್ನು ಆ ವಾರ್ಡು ಅದುವರೆಗೆ ಕಂಡಿರಲಿಲ್ಲ. "ಅಮ್ಮ, ನಿಮ್ಮದೇನೂ ತಪ್ಪಿಲ್ಲ. ನೆಟ್ಟಗಿಟ್ಟು ನೋಡಿದಷ್ಟು ಚೆನ್ನಾಗಿ ನಾನು ಬಗ್ಗಿಸಿ ನೋಡಲಿಲ್ಲ. ಆ ಮಂಡಿಯನ್ನ ಮತ್ತೆ ಬಿಚ್ಚಿ ಸರಿ ಮಾಡಬಹುದು, ಖರ್ಚು ನನ್ನದು," ಎಂದರು.

"ಅದ್ನ ಮುಟ್ಬ್ಯಾಡಿ. ಒಂದ್ ಕಾಲ್ನ ಎರಡ್ ಸಲ ಕುಯ್ಸೋ ಶಕ್ತಿ ನಂಗಿಲ್ಲ," ಎಂದಳು ಮುತ್ತಮ್ಮ. "ಈ ಎಡಗಾಲ ಮಾಡಿ. ನನ್ ಮಗಂಗೆ ನೀವೇ ಕರ್ದು ಯೋಳಿ, ನಿಮ್ಮವ್ವ ಕೆಡಿಸ್ಲಿಲ್ಲ ಅಂತ." ಆಮೇಲೆ ಕೆಂಚಯ್ಯನ ಕಡೆ ಬೆರಳು ತೋರಿದಳು. "ಕಾಲ ಇವ್ನೇ ಹಿಡೀಲಿ. ಸಡ್ಲ ಅನ್ಸಿದ್ರೆ ನಂಗೂ ಕೇಳೋ ಹಂಗೆ ಯೋಳ್ಲಿ."

ಮೂರನೇ ದಿನ ಬೆಳಿಗ್ಗೆ ಅದೇ ಮೇಜು, ಅದೇ ಹಸಿರು ಬಟ್ಟೆ. ಕೆಂಚಯ್ಯ ಆ ದಿನ ಕೈ ತೊಳೆದದ್ದು ಎಂದಿಗಿಂತ ಹೆಚ್ಚು ಹೊತ್ತು. ಎಡಮಂಡಿಯೂ ಬಲದ ಹಾಗೇ ಬಾಗಿತ್ತು, ಒಳಪಟ್ಟಿ ಹಾಗೇ ಬಿಗಿದಿತ್ತು. ಶಶಿಕಿರಣ್ ಅದನ್ನು ಅಷ್ಟಷ್ಟೇ ಬಿಡಿಸುತ್ತ, ಬಿಡಿಸಿದಾಗಲೆಲ್ಲ ನಿಲ್ಲಿಸಿ ನೋಡುತ್ತ ಹೋದರು. ಪರೀಕ್ಷೆಯ ತುಂಡುಗಳನ್ನಿಟ್ಟರು. ನೆಟ್ಟಗೆ ಮಾಡಿದಾಗ ಬಿಗಿಯಾಗಿತ್ತು. ಬಗ್ಗಿಸಿ, ತಮ್ಮ ಕೈಗೆ ಸರಿಯೆನಿಸಿದರೂ ಅಲ್ಲಿಗೇ ಬಿಡದೆ ತಲೆಯೆತ್ತಿ ಕನ್ನಡದಲ್ಲಿ ಕೇಳಿದರು.

"ಹೇಗಿದೆ ಕೆಂಚಯ್ಯ?"

ಹಟ್ಟಿಯ ಬೀದಿ ಬಿಟ್ಟ ಮೇಲೆ ಆ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಬಟ್ಟೆಯ ಆಚೆ ಮುತ್ತಮ್ಮ ಕೇಳಿಸಿಕೊಳ್ಳುತ್ತಿದ್ದಳು. ಸರಿಯಾಗಿದೆ ಎಂದರೆ ಎಲ್ಲರಿಗೂ ಸಮಾಧಾನ. ಅವನು ಕಣ್ಣು ಮುಚ್ಚಿ ಹಿಮ್ಮಡಿಯನ್ನು ಇನ್ನೊಮ್ಮೆ ತೂಗಿ ನೋಡಿದ.

"ಬಗ್ಗಿಸ್ದಾಗ ಸಡ್ಲ ಐತೆ ಸಾರ್. ಆ ಕಾಲಿನಷ್ಟಿಲ್ಲ. ಆದ್ರೂ ಐತೆ."

ಶಶಿಕಿರಣ್ ಮಂಡಿ ಬಿಟ್ಟು ಕೆಂಚಯ್ಯನ ಪಕ್ಕಕ್ಕೆ ಬಂದು ಹಿಮ್ಮಡಿಯನ್ನು ತಾವೇ ಹಿಡಿದು ನೋಡಿದರು. ಬಹಳ ಹೊತ್ತು ಹಿಡಿದಿದ್ದರು. "ಹೌದು," ಎಂದರು.

ಬಟ್ಟೆಯ ಆಚೆಯಿಂದ ಮುತ್ತಮ್ಮನ ದನಿ ಬಂತು. "ನಿಧಾನಕ್ಕೆ ನೋಡ್ರಪ್ಪ. ನಂಗೇನೂ ಅವಸರ ಇಲ್ಲ. ಹಸ ಲೋಕೇಶ ಕರ್ದಿರ್ತಾನೆ."

ಡಾಕ್ಟರು ತೊಡೆಯ ಮೂಳೆಯ ತುದಿಯನ್ನು ಇನ್ನೆರಡು ಮಿಲಿಮೀಟರ್ ಕೊಯ್ದರು. ನಡುವಿನ ಬಿಲ್ಲೆಯನ್ನು ತೆಗೆದು ಅಷ್ಟೇ ದಪ್ಪ ಹೆಚ್ಚಿರುವುದನ್ನಿಟ್ಟರು. ಹಾಗೆ ಮಾಡಿದರೆ ನೆಟ್ಟಗಿದ್ದಾಗಿನ ಬಿಗಿ ಹೆಚ್ಚಾಗದೆ, ಬಗ್ಗಿಸಿದಾಗಿನ ಸಡಿಲ ತುಂಬಿಕೊಳ್ಳುತ್ತದೆ. ನೆಟ್ಟಗೆ ಮಾಡಿದರು, ಬಗ್ಗಿಸಿದರು, ಕೆಂಚಯ್ಯನ ಮುಖ ನೋಡಿದರು. ಅವನು ಅವಸರ ಮಾಡಲಿಲ್ಲ. ಒಳಕ್ಕೆ ಜಗ್ಗಿದ, ಹೊರಕ್ಕೆ ಜಗ್ಗಿದ, ಕೆಳಕ್ಕೆ ಎಳೆದ. ಕಾಲು ಮಂಡಿಯಲ್ಲಿ ಕಚ್ಚಿಕೊಂಡು ನಿಂತಿತ್ತು.

"ಈಗ ಎರಡೂ ಕಡೆ ಒಂದೇ ಸಮ ಐತೆ," ಎಂದ. ಆಮೇಲೆ ದನಿ ಎತ್ತರಿಸಿ ಬಟ್ಟೆಯ ಕಡೆ ತಿರುಗಿ, "ಈಗ ಸರಿಯಾಗೈತೆ ಕಣಕ್ಕ," ಎಂದ.

ಆ ದಿನದಿಂದ ಆ ಥಿಯೇಟರಿನಲ್ಲಿ ಸಿಮೆಂಟ್ ಕಲಸುವ ಮುಂಚೆ ಡಾಕ್ಟರು ಕೆಂಚಯ್ಯನನ್ನು ಕನ್ನಡದಲ್ಲೇ ಕೇಳುವುದು ರೂಢಿಯಾಯಿತು. ಅವನು ಕೆಲಸ ಬಿಡುವವರೆಗೂ ಅದು ತಪ್ಪಲಿಲ್ಲ. ಜನ ಇದನ್ನು ಅವನ ಹೆಚ್ಚುಗಾರಿಕೆಯೆಂದು ಹೇಳಿಕೊಂಡರೆ ಅವನು ಎದ್ದು ಹೋಗುತ್ತಿದ್ದ. ಬೀರಮ್ಮನ ಹತ್ತಿರ ಮಾತ್ರ ಒಮ್ಮೆ ಅಂದಿದ್ದನಂತೆ, "ಅಪ್ಪ ಆಗಿದ್ರೆ ಆ ಕಂಬಳಿ ಮನೆಯಿಂದ ಆಚೆಗೇ ಓಗ್ತಿರ್ಲಿಲ್ಲ."

ಮೂರು ತಿಂಗಳ ಮೇಲೆ ಮುತ್ತಮ್ಮ ತೋರಿಸಿಕೊಳ್ಳಲು ಬಂದಳು. ಲೋಕೇಶ್ ಗೇಟಿನ ಹತ್ತಿರ ಆಟೋ ನಿಲ್ಲಿಸಿಕೊಂಡಿದ್ದ. ನರ್ಸಿಂಗ್ ಹೋಮಿನ ಮುಂದೆ ಐದು ಮೆಟ್ಟಿಲುಗಳಿವೆ. ತೋರಿಸಿಕೊಂಡು ಹೊರಟವಳು ಮೇಲಿನದರ ಅಂಚಿಗೆ ಬಂದು ನಿಂತಾಗ ಕೆಂಚಯ್ಯ ಓಡಿಹೋಗಿ ತೋಳು ಹಿಡಿಯಲು ಕೈ ಚಾಚಿದ.

"ಹಿಡೀಬ್ಯಾಡ," ಎಂದಳು ಮುತ್ತಮ್ಮ. "ನೋಡ್ತಿರು."

ಅವಳು ಕೋಲನ್ನು ಕೆಳಗಿನ ಮೆಟ್ಟಿಲಿಗೆ ಊರಿದಳು. ಎಡಮಂಡಿ ನಿಧಾನವಾಗಿ ಬಾಗುತ್ತ, ಮೈಭಾರವನ್ನೆಲ್ಲ ಹೊತ್ತು, ಬಲಗಾಲನ್ನು ಕೆಳಗಿನ ಕಲ್ಲಿನ ಮೇಲೆ ಇಳಿಸಿತು. ಆಮೇಲೆ ತಾನೂ ಇಳಿದು ಅದರ ಪಕ್ಕ ನಿಂತಿತು. ಹೀಗೆ ಒಂದೊಂದು ಮೆಟ್ಟಿಲಿಗೂ ಎರಡೆರಡು ಹೆಜ್ಜೆ. ಐದನೆಯದನ್ನೂ ಇಳಿದು ಅವಳು ಹಿಂತಿರುಗಿ ನೋಡಿದಳು. ಕೆಂಚಯ್ಯನ ಕೈ ಇನ್ನೂ ಚಾಚಿಕೊಂಡೇ ಇತ್ತು.

"ನೋಡ್ದೇನಪ್ಪ. ನೀನು ಬಾಯಿಬುಟ್ಟ ಕಾಲು, ನೀನು ಬಾಯಿಬುಡದ ಕಾಲ್ನೂ ಇಳಿಸ್ಕೊಂಡು ಬರ್ಬೇಕು. ನಾನು ಇರೋಗಂಟ."

ಅಷ್ಟು ಹೇಳಿ ಅವಳು ಆಟೋದ ಕಡೆ ನಡೆದಳು.